ಸಮತೋಲನದ ನಿಯಮಕ್ಕೆ ಸಾಕ್ಷಿ ಯಾರು?

ತಕ್ಕಡಿ ಯಾಕೆ ಸಮ ನಿಲ್ಲುತ್ತದೆ ಎಂದು ಬರಹದಲ್ಲಿ ಯಾರೋ ಕೇಳುವ ಹೊತ್ತಿಗೆ ಜನ ಅದರಲ್ಲಿ ತೂಗಲು ಶುರುಮಾಡಿ ಸಾವಿರಾರು ವರ್ಷಗಳಾಗಿದ್ದವು. ಕೇಳಿದ ಗ್ರೀಕರು ಎರಡು ದಾರಿ ಹಿಡಿದರು. ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದ ‘ಯಾಂತ್ರಿಕ ಸಮಸ್ಯೆಗಳು’ ಚಲನೆಯಿಂದ ಹೊರಡುತ್ತದೆ: ಆಧಾರದಿಂದ ದೂರವಿರುವ ತುದಿ ದೊಡ್ಡ ವೃತ್ತದಲ್ಲಿ ಬೇಗ ಸಾಗುತ್ತದೆ, ಹಾಗಾಗಿ ಅಲ್ಲಿಟ್ಟ ಸಣ್ಣ ತೂಕವೂ ದೊಡ್ಡದನ್ನು ಎತ್ತಬಲ್ಲದು.

ಕ್ರಿ.ಪೂ. 212ರಲ್ಲಿ ಸಿರಾಕ್ಯೂಸ್‌ನಲ್ಲಿ ತೀರಿಕೊಂಡ ಆರ್ಕಿಮಿಡೀಸ್‌ಗೆ ಚಲನೆ ಬೇಕಾಗಲಿಲ್ಲ. ಸಮತಲಗಳ ಸಮತೋಲನವನ್ನು ಕುರಿತ ತನ್ನ ಗ್ರಂಥವನ್ನು ಅವನು ಯಾರೂ ತಕರಾರು ಎತ್ತದ ಮಾತಿನಿಂದ ಆರಂಭಿಸಿದ: ಸಮ ತೂಕಗಳು ಸಮ ದೂರದಲ್ಲಿದ್ದರೆ ಕೋಲು ವಾಲುವುದಿಲ್ಲ. ಅಲ್ಲಿಂದ ಅಸಮ ತೂಕಗಳಿಗೆ ಅವನು ದಾಟಿದ ಬಗೆಯನ್ನು ಮೀಟರ್ ಸ್ಕೇಲಿನ ಮೇಲೆ ಹೀಗೆ ನೋಡಬಹುದು. 25, 35, 45, 55, 65, 75 ಸೆಂ.ಮೀ. ಗುರುತುಗಳಲ್ಲಿ ಒಂದೊಂದು ಸಮ ತೂಕ ಇಡಿ. 50ರಲ್ಲಿ ಆಧಾರ ಕೊಟ್ಟರೆ ಎಡಕ್ಕೆ ಮೂರು, ಬಲಕ್ಕೆ ಮೂರು. ಸ್ಕೇಲು ಸಮ ನಿಲ್ಲುತ್ತದೆ. ಈಗ ಮೊದಲ ನಾಲ್ಕನ್ನು ಅವುಗಳ ನಡುವಿನ 40ಕ್ಕೆ, ಉಳಿದ ಎರಡನ್ನು 70ಕ್ಕೆ ಒಟ್ಟುಮಾಡಿ. ನಾಲ್ಕು ತೂಕ 10 ಸೆಂ.ಮೀ. ದೂರದಲ್ಲಿ, ಎರಡು ತೂಕ 20 ಸೆಂ.ಮೀ. ದೂರದಲ್ಲಿ. ತೂಕ ಅರ್ಧವಾದರೆ ದೂರ ಇಮ್ಮಡಿ. ನಿಯಮ ಸಿಕ್ಕಿತು, ಒಂದೇ ಒಂದು ಕಲ್ಲನ್ನೂ ತೂಗದೆ!

ಸುಮಾರು ಎರಡು ಸಾವಿರ ವರ್ಷಗಳ ಬಳಿಕ, 1883ರಲ್ಲಿ, ಅರ್ನ್ಸ್ಟ್ ಮಾಖ್ ಯಂತ್ರಶಾಸ್ತ್ರದ ಇತಿಹಾಸ ಬರೆಯುತ್ತ ಇಲ್ಲಿಯೇ ಕೈಯಿಟ್ಟ. ಹರಡಿದ್ದ ತೂಕಗಳನ್ನು ನಡುವಿಗೆ ತಂದರೂ ಪರಿಣಾಮ ಬದಲಾಗದು ಎಂದು ಆರ್ಕಿಮಿಡೀಸ್‌ಗೆ ಹೇಳಿದವರು ಯಾರು? ಆ ಮಾತು ನಿಜವಾಗಬೇಕಾದರೆ ತೂಕ ಮತ್ತು ದೂರಗಳ ಗುಣಲಬ್ಧವೇ ಲೆಕ್ಕಕ್ಕೆ ಬರಬೇಕು. ಅಂದರೆ ಸಾಧಿಸಬೇಕಾದದ್ದನ್ನು ಮೊದಲೇ ಒಪ್ಪಿಕೊಂಡಂತಾಯಿತು. ಬರಿಯ ಸಮರೂಪತೆಯಿಂದ ನಿಸರ್ಗದ ನಿಯಮ ಹುಟ್ಟದು, ಅನುಭವ ಬೇಕೇ ಬೇಕು ಎಂಬುದು ಮಾಖ್‌ನ ವಾದ. ಇಟಲಿಯ ಜೊವಾನ್ನಿ ವೈಲಾಟಿ ಮುಂತಾದವರು ಆರ್ಕಿಮಿಡೀಸ್‌ನ ಪರ ನಿಂತರು: ಗುರುತ್ವ ಕೇಂದ್ರದ ಬಗ್ಗೆ ಅವನು ಒಪ್ಪಿಕೊಂಡ ತತ್ತ್ವಗಳನ್ನೂ ಸೇರಿಸಿ ಓದಿದರೆ ಸಾಧನೆಯಲ್ಲಿ ದೋಷವಿಲ್ಲ ಎಂದರು. ಆದರೆ ಆ ತತ್ತ್ವಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಜಗಳ ಇಂದಿಗೂ ಪ್ರಯೋಗಶಾಲೆಯ ಮೇಜಿನ ಮೇಲಿದೆ. ಆರ್ಕಿಮಿಡೀಸ್‌ನ ಕೋಲಿಗೆ ತೂಕವಿರಲಿಲ್ಲ. ವಿದ್ಯಾರ್ಥಿಯ ಸ್ಕೇಲಿಗೆ ಇದೆ. 40ರಲ್ಲಿ ಆಧಾರ ಕೊಟ್ಟು, 20ರಲ್ಲಿ 50 ಗ್ರಾಂ ತೂಗುಹಾಕಿದಾಗ ಸ್ಕೇಲು ಸಮ ನಿಂತಿತು ಎನ್ನಿ. 50ನ್ನು 20ರಿಂದ ಗುಣಿಸಿ 10ರಿಂದ ಭಾಗಿಸಿದರೆ ಸ್ಕೇಲಿನ ತೂಕ 100 ಗ್ರಾಂ. ಈ 10 ಎಲ್ಲಿಂದ ಬಂತು? ಉದ್ದಕ್ಕೂ ಹರಡಿರುವ ಮರದ ತೂಕವನ್ನೆಲ್ಲ ನಡುವಿನ 50ಕ್ಕೆ ಒಟ್ಟುಮಾಡಿದ್ದರಿಂದ. ಮಾಖ್ ತಕರಾರು ತೆಗೆದದ್ದು ಈ ಹೆಜ್ಜೆಗೇ. ಲೆಕ್ಕ ಮುಗಿದ ಮೇಲೆ ಅದೇ ಸ್ಕೇಲನ್ನು ಬೇರೆ ತಕ್ಕಡಿಯಲ್ಲಿ ತೂಗಿ ನೋಡುವುದನ್ನು ಹಲವರು ಬರಿಯ ಶಾಸ್ತ್ರಕ್ಕೆ ಮಾಡುತ್ತಾರೆ. ನಿಜಕ್ಕೂ ಆ ಹೆಜ್ಜೆಗೆ ಸಾಕ್ಷಿ ಸಿಗುವುದು ಅಲ್ಲಿ.