ಶಾಲೆ ಬಿಟ್ಟವರಿಗೆ ಮಾತು ಕಲಿಸಿದ ಕತೆ

ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ಒಂದು ತರಬೇತಿಗೆ ನಾವಿಬ್ಬರು ಪಾಠ ಹೇಳಲು ಹೋಗಿದ್ದೆವು. ಏಳು, ಎಂಟು, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದ ಇಪ್ಪತ್ತು ಮಂದಿ. ವಿಷಯ ಸಂವಹನ ಕೌಶಲ. ಎಲ್ಲರೂ ಮಾಡಿಸುವುದನ್ನೇ ನಾವೂ ಮೊದಲ ದಿನ ಮಾಡಿಸಿದೆವು: ಒಬ್ಬೊಬ್ಬರೇ ಎದ್ದು ಇಂಗ್ಲಿಷಿನಲ್ಲಿ ಪರಿಚಯ ಹೇಳಬೇಕು. ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಎದ್ದು ‘ಮೈಸೆಲ್ಫ್’ ಅಂದ. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಬೆವರಿದ, ಕೂತುಬಿಟ್ಟ.

ಟೀ ಹೊತ್ತಿನಲ್ಲಿ ಅದೇ ಹುಡುಗ ಹೊರಗೆ ಫೋನ್ ಹಿಡಿದು ನಿಂತಿದ್ದ. ಚಿಂತಾಮಣಿ ಕಡೆಯ ರೈತರೊಬ್ಬರ ಜೊತೆ ಗೂಡಿನ ಲಾಟ್ ಬಗ್ಗೆ ತೆಲುಗಿನಲ್ಲಿ ವಾದ, ಆಮೇಲೆ ಮಾಲೀಕರಿಗೆ ಉರ್ದುವಿನಲ್ಲಿ ವರದಿ, ನಮ್ಮನ್ನು ಕಂಡು ಕನ್ನಡದಲ್ಲಿ ‘ಟೀ ಆಯ್ತಾ ಸಾರ್?’ ಐದು ನಿಮಿಷದಲ್ಲಿ ಮೂರು ಭಾಷೆ. ಪತ್ರಿಕೋದ್ಯಮ ಓದಿದ ನಮಗೇ ಅಷ್ಟು ಸಲೀಸಾಗಿ ಬರುವುದಿಲ್ಲ.

ಹಾಗಾದರೆ ಇವನಿಗೆ ನಾವು ಕಲಿಸಲು ಹೊರಟಿದ್ದೇನು? ನಮಗಿಂತ ಮೊದಲು ಹೀಗೆ ಕಲಿಸಲು ಬಂದವರು ಏನು ಮಾಡಿದರು? ಹುಡುಕಿದಾಗ ಸಿಕ್ಕಿದ್ದು ಇದು.

ನಮ್ಮ ಕಡೆ ಎರಡು ಭಾಷೆ ಆಡುವುದು ದೊಡ್ಡ ವಿಷಯವೇ ಅಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಬಳೆ ಮಾರುತ್ತಿದ್ದವರು. ಹಾಡಿದ್ದು ಎರಡೂ ಭಾಷೆಯಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಮನೆಮಾತೂ ತೆಲುಗು. ಬಡತನದ ಮನೆ. ಆ ಕಾಲದಲ್ಲಿ ಅಂಥ ಮನೆಯ ಹುಡುಗರ ಓದು ಊರಿನ ಶಾಲೆಗೇ ಮುಗಿಯುತ್ತಿತ್ತು. ಇವರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ನಡೆದುಕೊಂಡೇ ಹೋದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಈ ಹುಡುಗನೇ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬಂದದ್ದರ ಹಿಂದೆಯೂ ಅವರೇ ಇದ್ದರು. ಅವರ ಕತೆ ಕೇಳಿ ನಾವೆಲ್ಲ ಬೆಳೆದಿದ್ದೇವೆ. ಆದರೆ ನಡೆದು ಹೋಗಲಾಗದೆ ಊರಲ್ಲೇ ಉಳಿದವರ ಕತೆಯನ್ನು ಯಾರೂ ಹೇಳುವುದಿಲ್ಲ.

ಉಳಿದವರಿಗಾಗಿ ಹಳೆಯ ಮೈಸೂರು ಸಂಸ್ಥಾನದಲ್ಲಿ ಒಂದು ಪ್ರಯತ್ನ ನಡೆದಿತ್ತು. 1940ರ ದಶಕದಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ 1947ರಲ್ಲಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠ ತೆರೆಯಿತು. ಇದಕ್ಕೆ ಮಾದರಿ ಡೆನ್ಮಾರ್ಕಿನ ಜನತಾ ಶಾಲೆಗಳು. ಅಂಥ ಮೊದಲ ಶಾಲೆ 1844ರಲ್ಲಿ ರೊಡ್ಡಿಂಗ್ ಎಂಬ ಊರಿನಲ್ಲಿ ಶುರುವಾಯಿತು. ಅದರ ಹಿಂದಿನ ವಿಚಾರ ಗ್ರುಂಟ್ವಿಗ್ ಎಂಬ ಪಾದ್ರಿಯದು. ರೈತರ ಮಕ್ಕಳಿಗೆ ಪರೀಕ್ಷೆ ಬೇಡ, ಬಾಯಿಪಾಠ ಬೇಡ, ಜೀವಂತ ಮಾತು ಬೇಕು ಎನ್ನುತ್ತಿದ್ದರು ಅವರು. ಒಟ್ಟಿಗೆ ಉಳಿದು, ಕೆಲಸ ಮಾಡಿ, ಕೂತು ಚರ್ಚೆ ಮಾಡುವುದೇ ಅಲ್ಲಿನ ಪಾಠ. ಸಮಿತಿ ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ಹೊಸದಾಗಿ ಓದು ಕಲಿತವರಿಗಾಗಿ ತಂದಿತು. ಹಳ್ಳಿ ಓದುಗರಿಗೆ ಬರೆಯುವ ನಮ್ಮಂಥವರಿಗೆ ಅದು ಅಜ್ಜಿಮನೆ ಇದ್ದಂತೆ.

ಆಮೇಲೆ ಅಕ್ಷರದ ಕಾಲ ಬಂತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, ಅದರ ಹಿಂದೆಯೇ ಊರೂರಿಗೆ ಕಲಾಜಾಥಾ, ರಾತ್ರಿ ಶಾಲೆ. ಸಹಿ ಹಾಕುವುದು ಬಂತು. ಸಭೆಯಲ್ಲಿ ಎದ್ದು ಮಾತಾಡುವ ಧೈರ್ಯ ಬಂದದ್ದು ಬೇರೆ ದಾರಿಯಿಂದ. ಆ ದಾರಿ ಮಹಿಳಾ ಸಂಘಗಳದು.

ನಮ್ಮ ಜಿಲ್ಲೆ 2007ರವರೆಗೆ ಕೋಲಾರದೊಳಗೇ ಇತ್ತು. ಕೋಲಾರದ ಕಾಮಸಮುದ್ರ ಭಾಗದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿತು. ಸಾಲದ ಲೆಕ್ಕದ ಜೊತೆಗೆ ಸಭೆ ನಡೆಸುವುದು ಹೇಗೆ, ಮಾತು ತಪ್ಪಾಗಿ ಅರ್ಥವಾದರೆ ಏನು ಮಾಡುವುದು, ಜಗಳ ಬಿಡಿಸುವುದು ಹೇಗೆ ಎಂಬುದೆಲ್ಲ ಅವರ ತರಬೇತಿಯಲ್ಲಿ ಬೇರೆ ಬೇರೆ ಪಾಠಗಳಾಗಿದ್ದವು. ನಿಮ್ಮ ಮನೆಯ ಅಮ್ಮನನ್ನೋ ಅತ್ತೆಯನ್ನೋ ಕೇಳಿ ನೋಡಿ. ಬ್ಯಾಂಕ್ ಮ್ಯಾನೇಜರ್ ಎದುರು ಮೊದಲ ಸಲ ಮಾತಾಡಿದ ದಿನ ಅವರಿಗೆ ನೆನಪಿರುತ್ತದೆ.

ಅದೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋದರು. ಗಾಳಿಯ ತರಂಗಗಳು ಜನರ ಆಸ್ತಿ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಊರಿನವರಿಗೆ ರೇಡಿಯೋ ಲೈಸೆನ್ಸ್ ಸಿಗುತ್ತಿರಲಿಲ್ಲ. ಸಂಘದ ಹೆಂಗಸರೂ ಊರಿನ ಹುಡುಗ ಹುಡುಗಿಯರೂ ಕಾರ್ಯಕ್ರಮ ಮಾಡಿ ಟೇಪಿನಲ್ಲಿ ಕೇಳಿಸಿದರು. 2003ರಲ್ಲಿ ಟಿವಿ ಕೇಬಲ್ ಮೂಲಕವೇ ಧ್ವನಿಯನ್ನು ಮನೆಗಳಿಗೆ ಕಳಿಸಿದರು. ಹೆಸರು ‘ನಮ್ಮ ಧ್ವನಿ’. ಮೈರಾಡ, ವಾಯ್ಸಸ್, ಯುನೆಸ್ಕೋ ಬೆಂಬಲಕ್ಕಿದ್ದವು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಅವಕಾಶ ಸಿಕ್ಕಿದ್ದು 2006ರಲ್ಲಿ. ಅಷ್ಟರಲ್ಲಿ ಬೂದಿಕೋಟೆಯವರು ಮೂರು ವರ್ಷ ಮೈಕ್ ಹಿಡಿದಾಗಿತ್ತು. ನಮಗೆ ಇಲ್ಲಿ ಮುಖ್ಯವೆನಿಸುವುದು ಒಂದೇ: ಅಲ್ಲಿ ಮಾತು ಕಲಿತವರು ತಮಗೆ ಗೊತ್ತಿದ್ದ ವಿಷಯದ ಬಗ್ಗೆ, ತಮ್ಮ ಊರಿನವರಿಗಾಗಿ, ಆಡುಮಾತಿನಲ್ಲೇ ಕಲಿತರು.

ಕೆಲಸಕ್ಕಾಗಿ ಕೊಡುವ ತರಬೇತಿಯ ಕತೆ ಬೇರೆ. 1967ರಲ್ಲಿ ಮುಂಬೈಯಲ್ಲಿ ಶುರುವಾದ ಶ್ರಮಿಕ ವಿದ್ಯಾಪೀಠಗಳು 2000ದಲ್ಲಿ ಜನ ಶಿಕ್ಷಣ ಸಂಸ್ಥಾನಗಳಾದವು. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಊಟ, ವಸತಿ ಕೊಟ್ಟು ಸ್ವಂತ ಉದ್ಯೋಗ ಕಲಿಸಿತು. ಆ ಮಾದರಿಯನ್ನು ಮುಂದೆ ಇಡೀ ದೇಶವೇ ತೆಗೆದುಕೊಂಡಿತು. ಇವುಗಳಲ್ಲಿ ಮಾತು ಎಂದರೆ ಗಿರಾಕಿಯ ಜೊತೆ, ಬ್ಯಾಂಕಿನ ಜೊತೆ ಆಡುವ ಮಾತು.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗಿನ ದಾರಿ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗೋದಾಮು, ಅಂಗಡಿ ಎಂದು ಶಾಲೆ ಬಿಟ್ಟವರೂ ಕೇಳಬಹುದಾದ ಕೆಲಸಗಳು ಹತ್ತಿರ ಬಂದವು. 2014ರಲ್ಲಿ ಬಂದ ದೀನದಯಾಳ್ ಗ್ರಾಮೀಣ ಕೌಶಲ ಯೋಜನೆಯಲ್ಲಿ ಕಸುಬಿನ ಜೊತೆ ಸಾಫ್ಟ್ ಸ್ಕಿಲ್ಸ್, ಇಂಗ್ಲಿಷ್, ಕಂಪ್ಯೂಟರ್ ಸೇರಿದವು. ತಪ್ಪೇನಿಲ್ಲ, ಇಂಗ್ಲಿಷ್ ಬೇಕು. ಬೇಡ ಎನ್ನುವವರು ತಮ್ಮ ಮಕ್ಕಳನ್ನು ಯಾವ ಶಾಲೆಗೆ ಕಳಿಸಿದ್ದಾರೆ ಎಂದು ಒಮ್ಮೆ ಕೇಳಬೇಕು. ಆದರೆ ಎಷ್ಟೋ ತರಗತಿಗಳಲ್ಲಿ ಸಂವಹನ ಎಂದರೆ ಎದ್ದು ನಿಂತು ಒಪ್ಪಿಸುವ ಐದು ವಾಕ್ಯ ಎಂದಾಗಿದೆ. ಶಾಲೆಯಲ್ಲಿ ಎದ್ದು ನಿಲ್ಲಿಸಿದಾಗ ಬೈಸಿಕೊಂಡು ಬಿಟ್ಟುಬಂದವರನ್ನು ಮತ್ತೆ ಹಾಗೆಯೇ ಎದ್ದು ನಿಲ್ಲಿಸುತ್ತೇವೆ. ನಾವೂ ಅದನ್ನೇ ಮಾಡಿದ್ದೆವು.

ಎರಡನೇ ವಾರ ಪರಿಚಯ ಬಿಟ್ಟೆವು. ಆ ಹುಡುಗನಿಗೆ ಒಂದು ಹಿಡಿ ಗೂಡು ತರಲು ಹೇಳಿದೆವು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳದ ಸದ್ದಿನಿಂದ ಏನು ತಿಳಿಯುತ್ತದೆ, ತೆಳು ಗೂಡು ಯಾವುದು, ಜೋಡಿ ಗೂಡು ಯಾವುದು ಎಂದು ಕಾಲು ಗಂಟೆ ಮಾತಾಡಿದ. ಕನ್ನಡ, ತೆಲುಗು ಎರಡೂ ಬೆರೆತಿತ್ತು. ಹಿಂದಿನ ಸಾಲಿನ ಹುಡುಗಿಯರು ಪ್ರಶ್ನೆ ಕೇಳಿದರು, ಉತ್ತರ ಕೊಟ್ಟ. ಅವನು ಹೇಳಿದ್ದರಲ್ಲೇ ಐದು ವಾಕ್ಯ ಆರಿಸಿ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಬರೆದೆವು. ಆ ಐದನ್ನು ಅವನು ಮರೆಯಲಿಲ್ಲ.

ದೇವನಹಳ್ಳಿ ಕಡೆಯ ಗೋದಾಮೊಂದರಲ್ಲಿ ಅವನಿಗೆ ಕೆಲಸವೂ ಸಿಕ್ಕಿತು. ಆರು ತಿಂಗಳಿಗೆ ಬಿಟ್ಟು ಬಂದ. ಬಸ್ಸು, ರೂಮು ಎಂದು ಸಂಬಳ ಕೈಯಲ್ಲಿ ನಿಲ್ಲಲಿಲ್ಲವಂತೆ. ಈಗ ಒಬ್ಬರು ರೀಲರ್ ಪರವಾಗಿ ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಗೂಡು ನೋಡುತ್ತಾನೆ. ಅಲ್ಲಿ ಈಗ ಇ-ಹರಾಜು, ಬೆಲೆಯನ್ನು ಮೊಬೈಲಿನಲ್ಲಿ ಒತ್ತಬೇಕು. ಮೊನ್ನೆ ಫೋನ್ ಮಾಡಿದಾಗ ನಗುತ್ತಿದ್ದ: ‘ನೀವು ಮಾತು ಕಲಿಸಿದ್ರಿ ಸಾರ್, ಇಲ್ಲಿ ಮಾತಾಡೋ ಕೆಲಸಾನೇ ಇಲ್ಲ.’