ಹೊಳೆ ಗಡಿಯಾಗುವ ಮೊದಲು

ಈಚಿನ ಒಂದು ಬೇಸಗೆಯಲ್ಲಿ, ಬಿಸು ಕಳೆದ ಮರುವಾರದಿಂದ ಪತ್ತನಾಜೆಯವರೆಗೆ, ನಾನು ನಮ್ಮೂರ ಹೊಳೆಗಳಲ್ಲಿ ದೋಣಿಯಲ್ಲಿ ತಿರುಗಾಡಿದೆ. ದಿನವೂ ಅಲ್ಲ, ವಾರಕ್ಕೆ ಎರಡು ಮೂರು ಬಾರಿ. ಮೀನಿನವರ ದೋಣಿ, ಮರುವಾಯಿ ಹೆಕ್ಕುವವರ ದೋಣಿ, ಪ್ರವಾಸಿಗರ ಬೋಟು, ಯಾವುದು ಸಿಕ್ಕಿದರೆ ಅದು. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಬಹಳ ವರ್ಷಗಳಾದವು. ಈ ಪ್ರಾಯದಲ್ಲಿ ಇದೆಂಥ ಹುಚ್ಚು ಎಂದು ಮನೆಯವರು ಕೇಳಿದರು. ಅಜ್ಜಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಎಂದು ಅವರಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಕೇರಳದ 44 ನದಿಗಳನ್ನು ಬಡಗಿನಿಂದ ಎಣಿಸಿದರೆ ಮೊದಲು ಬರುವುದು ಮಂಜೇಶ್ವರ ಹೊಳೆ. ಉದ್ದ 16 ಕಿ.ಮೀ.; ಎಲ್ಲಕ್ಕಿಂತ ಚಿಕ್ಕದು. ಅಲ್ಲಿಂದ ತೆಂಕಿಗೆ ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ನೀಲೇಶ್ವರ, ಕಾರ್ಯಂಗೋಡು. ಇವುಗಳಲ್ಲಿ ದೊಡ್ಡದು ಚಂದ್ರಗಿರಿ, 105 ಕಿ.ಮೀ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಬರುವ ಪಯಸ್ವಿನಿ ಇದಕ್ಕೆ ಸೇರುತ್ತದೆ. ಕಾಸರಗೋಡು ಪೇಟೆಯನ್ನು ಬಳಸಿ ಇದು ಕಡಲು ಸೇರುವಲ್ಲಿ ಬಡಗು ದಂಡೆಯ ಮೇಲೆ ತಳಂಗರೆ, ತೆಂಕು ದಂಡೆಯ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ.

ನನ್ನ ಅಜ್ಜಿಯ ತವರು ಈ ಹೊಳೆಯ ತೆಂಕಿಗೆ, ಬೇಕಲದ ಬಳಿ. ಕೊಟ್ಟದ್ದು ಬಡಗು ದಂಡೆಯ ನಮ್ಮ ಮನೆಗೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆಕೆಯ ಮದುವೆಯಾಗುವಾಗ ರೈಲು ಓಡಲು ತೊಡಗಿ ಕೆಲವು ವರ್ಷಗಳೇ ಆಗಿದ್ದವು. ಆದರೂ ದಿಬ್ಬಣ ಬಂದದ್ದು ದೋಣಿಯಲ್ಲಿ. ಕಡಲಿನ ನೀರು ಏರುವ ಹೊತ್ತು ನೋಡಿ ಅಳಿವೆಯ ಬಳಿ ದೋಣಿ ಬಿಟ್ಟರೆ, ಹುಟ್ಟು ಹಾಕುವ ಕಷ್ಟ ಅರ್ಧ ಇಳಿಯುತ್ತದೆ. ನೀರೇ ಮೇಲಕ್ಕೆ ಒಯ್ಯುತ್ತದೆ. ತವರಿಗೆ ಹೋಗುವಾಗ ಇಳಿಯುವ ನೀರಿಗೆ ಕಾಯಬೇಕು. ಅಜ್ಜಿ ಗಡಿಯಾರ ನೋಡಲು ಕಲಿಯಲಿಲ್ಲ, ಆದರೆ ತಿಥಿ ಹೇಳಿದರೆ ನೀರು ಏರುವ ಹೊತ್ತು ಹೇಳುತ್ತಿದ್ದಳು. ಮನೆಯೊಳಗೆ ಕನ್ನಡ, ಗದ್ದೆಯಲ್ಲಿ ತುಳು, ಕಡವಿನಲ್ಲಿ ಮಲಯಾಳ. ಕಡವಿನವನಿಗೆ ಸಲ್ಲುತ್ತಿದ್ದದ್ದು ಹಣವಲ್ಲ, ಕೊಯ್ಲಿನ ಕಾಲದಲ್ಲಿ ಮನೆಗಿಷ್ಟು ಎಂದು ಭತ್ತ.

ಈ ಹೊಳೆ ಗಡಿಯೇ ಆಗಿರಲಿಲ್ಲವೆಂದು ನಾನು ಹೇಳುತ್ತಿಲ್ಲ. 1801ರ ಆರಂಭದಲ್ಲಿ ಮಲಬಾರಿನಿಂದ ಕೆನರಾಕ್ಕೆ ಬಂದ ಫ್ರಾನ್ಸಿಸ್ ಬುಕಾನನ್, ಮಲಯಾಳ ದೇಶದ ಬಡಗಣ ಎಲ್ಲೆ ಇದೆಂದು ಬರೆದ. ನಾಯರ್ ಸ್ತ್ರೀಯರು ಇದನ್ನು ದಾಟಬಾರದೆಂಬ ಕಟ್ಟಳೆಯೂ ಹಿಂದೆ ಇತ್ತು. ಆದರೆ ಅಧಿಕಾರದ ಲೆಕ್ಕ ಬೇರೆಯೇ ಇತ್ತು. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಆಳ್ವಿಕೆ ಹೊಳೆಯ ಬಡಗಿನಲ್ಲಿ ನಿಲ್ಲಲಿಲ್ಲ. ಅವನದೆನ್ನುವ ಚಂದ್ರಗಿರಿ ಕೋಟೆ, ಬೇಕಲ ಕೋಟೆ ಎರಡೂ ಇರುವುದು ತೆಂಕು ಬದಿಯಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪೆನಿಯ ಕೈಸೇರಿತು. 1862ರಲ್ಲಿ ಕೆನರಾ ಎರಡಾಗಿ, ನಮ್ಮದು ಮದರಾಸಿನಲ್ಲಿ ಉಳಿದ ದಕ್ಷಿಣ ಕನ್ನಡವಾಯಿತು. ಆ ಜಿಲ್ಲೆಯ ಎಲ್ಲೆಯೂ ಚಂದ್ರಗಿರಿಯಲ್ಲ. ಅದು ನೀಲೇಶ್ವರವನ್ನೂ ದಾಟಿ ತೆಂಕಿಗಿತ್ತು. ಸರಕಾರದ ನಕ್ಷೆಯಲ್ಲಿ ಹೊಳೆ ಕಾಸರಗೋಡು ತಾಲೂಕಿನ ನಡುವೆಯೇ ಹರಿಯುತ್ತಿತ್ತು.

ಆ ಹಳೆಯ ಎಲ್ಲೆಯನ್ನು ನೋಡಬೇಕೆಂದು ಮೇ ತಿಂಗಳಲ್ಲಿ ತೆಂಕಿಗೆ ಹೋಗಿ ವಲಿಯಪರಂಬದ ಹಿನ್ನೀರಿನಲ್ಲಿ ಬೋಟು ಹತ್ತಿದೆ. ಒಂದು ಬದಿಗೆ ತೆಂಗಿನ ಸಾಲಿನ ಸಪೂರ ಮರಳುದಿಬ್ಬ, ಅದರಾಚೆ ಕಡಲಿನ ಸದ್ದು; ಈಚೆ ಕೆರೆಯಂತೆ ನಿಂತ ನೀರು. ಕವ್ವಾಯಿಯ ತೆಂಕಿಗೆ, ಏಳಿಮಲೆಯ ಬೆನ್ನ ಹಿಂದೆ, ಒಂದು ಕಾಲುವೆಯಿದೆ. 1766ರಲ್ಲಿ, ಹೈದರಾಲಿ ಮಲಬಾರಿಗೆ ಇಳಿದ ವರ್ಷ, ಅವನಿಗಾಗಿ ಕಣ್ಣೂರಿನ ಅಲಿರಾಜ ತೋಡಿಸಿದ್ದು. ಏಳಿಮಲೆಯನ್ನು ಕಡಲಿನಲ್ಲಿ ಸುತ್ತುವುದು ಮಳೆಗಾಲದಲ್ಲಿ ಅಪಾಯ. ಸುಮಾರು 4 ಕಿ.ಮೀ. ಅಗೆದು ಪೆರುಂಬ ಹೊಳೆಯ ಕಡೆಯಿಂದ ಪಳಯಂಗಾಡಿ ಹೊಳೆಗೆ ದಾರಿ ಮಾಡಿದರು. ಇಂದಿಗೂ ಅದು ಸುಲ್ತಾನ್ ತೋಡು. ತೋಡು ಎಂಬ ಮಾತಿಗೆ ಅಲ್ಲಿಯೂ ಇಲ್ಲಿಯೂ ಅರ್ಥ ಒಂದೇ. ದೋಣಿ ಅವರಲ್ಲಿ ತೋಣಿ. ಅವರ ಪುಳ, ನಮ್ಮ ಹಳಗನ್ನಡದ ಪೊಳೆ, ಇಂದಿನ ಹೊಳೆ, ಮೂರೂ ಒಂದೇ ಬೇರಿನವು.

ಇನ್ನು ಅಜ್ಜಿಯ ಪ್ರಶ್ನೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆಮೇಲಿನ ನೋವು ಈ ವಾರ್ಷಿಕದ ಓದುಗರಿಗೆ ವಿವರಿಸಬೇಕಾಗಿಲ್ಲ. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು: ಚಂದ್ರಗಿರಿಯ ಬಡಗಿನ ಭಾಗ ಮೈಸೂರಿಗೆ ಸೇರಬೇಕು. ಆಗ ನನಗೆ ಹದಿನೆಂಟು. ಮೆರವಣಿಗೆಯಲ್ಲಿ ಕೂಗಿ ಗಂಟಲು ಕಟ್ಟಿ ಮನೆಗೆ ಬಂದು, ಇನ್ನು ಹೊಳೆಯೇ ಗಡಿ ಎಂದು ಅಜ್ಜಿಗೆ ಹೇಳಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಹಾಗಾದರೆ ನನ್ನ ತವರಿನವರನ್ನು ಎಲ್ಲಿ ಬಿಡುವುದು ಮಗಾ?" ಎಂದು ಕೇಳಿದಳು.

ನಾನು ಉತ್ತರಿಸಲಿಲ್ಲ. ವರದಿ ಜಾರಿಗೆ ಬರಲಿಲ್ಲ, ಪ್ರಶ್ನೆ ಹಾಗೆಯೇ ಉಳಿಯಿತು. ನಾವು ಕೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಮಕ್ಕಳಿಗೆ ಕನ್ನಡ ಶಾಲೆ ಬೇಕು, ಕಚೇರಿಯ ಕಾಗದ ನಮಗೆ ತಿಳಿಯುವ ಭಾಷೆಯಲ್ಲಿ ಬರಬೇಕು. ಆದರೆ ಹೊಸದುರ್ಗದವರೆಗೂ ಇದ್ದ ನಮ್ಮವರೇ ಆದ ಮನೆಗಳು ಆ ಲೆಕ್ಕದಲ್ಲಿ ಹೊರಗುಳಿಯುತ್ತಿದ್ದವು. ದೋಣಿಯ ಕಾಲದ ಅಜ್ಜಿಗೆ ಅದು ಒಂದೇ ಮಾತಿನಲ್ಲಿ ಹೊಳೆದಿತ್ತು. ನಕ್ಷೆ ನೋಡಿ ಬೆಳೆದ ನನಗೆ ಹೊಳೆದಿರಲಿಲ್ಲ.

ಕೊನೆಯ ಸವಾರಿ ಚಂದ್ರಗಿರಿಯಲ್ಲೇ. ದೋಣಿಯ ಹಿರಿಯರು ನನಗಿಂತ ಎರಡು ವರ್ಷ ದೊಡ್ಡವರು. ನಾನು ಅವರನ್ನು ಇಚ್ಚ ಎನ್ನುತ್ತೇನೆ, ಅವರು ನನ್ನನ್ನು ಮಾಷೆ ಎನ್ನುತ್ತಾರೆ. ಅವರ ತಂದೆ ಕಡವು ನಡೆಸಿದವರು. ಇಚ್ಚನ ಕನ್ನಡ ಶಾಲೆಯದ್ದಲ್ಲ, ದೋಣಿಯಲ್ಲಿ ಕೂತವರ ಬಾಯಿಂದ ಬಂದದ್ದು. ಸೇತುವೆಯ ಅಡಿಯಲ್ಲಿ ಹೋಗುವಾಗ ಅವರು ಮೇಲೆ ನೋಡಿ ಹೇಳಿದರು: "ಈಗ ಆಚೆಗೆ ಹೋಗ್ಲಿಕ್ಕೆ ಎರಡು ನಿಮಿಷ ಬೇಡ ಮಾಷೆ. ಆದರೆ ಆಚೆಯವರ ಗುರ್ತ ಯಾರಿಗುಂಟು? ನನ್ನ ಮೊಮ್ಮಕ್ಕಳಿಗೆ ಕನ್ನಡ ಬರುದಿಲ್ಲ." ನನ್ನ ಮೊಮ್ಮಗ ಜೊತೆಯಲ್ಲಿದ್ದ. ಅವನಿಗೆ ಮಲಯಾಳ ಬರುತ್ತದೆ, ಶಾಲೆಯಲ್ಲಿ ಕಲಿತದ್ದು. ಇಚ್ಚನೊಡನೆ ಮಾತಾಡಲು ನಾಚಿದ.

ಕೋವಳದಿಂದ ಬೇಕಲದವರೆಗೆ 616 ಕಿ.ಮೀ. ಜಲಮಾರ್ಗದ ಯೋಜನೆಯೊಂದು ಕೇರಳ ಸರಕಾರದ ಕೈಯಲ್ಲಿದೆ. ಅದೂ ಚಂದ್ರಗಿರಿಯ ಈಚೆಗೆ ಬರುವುದಿಲ್ಲ, ಬೇಕಲಕ್ಕೇ ಮುಗಿಯುತ್ತದೆ. ಅದಕ್ಕೆ ಕಾದು ಕೂರುವುದು ಬೇಡ. ನಿಮ್ಮ ಮನೆಯ ಹತ್ತಿರ ಯಾವ ಕಡವು ಇತ್ತು, ಅದಕ್ಕೆ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಏನು ಹೆಸರು, ಯಾವ ಮನೆಯವರು ಯಾವ ಮನೆಗೆ ದಾಟುತ್ತಿದ್ದರು ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಬರೆದಿಡಿ. ಎರಡು ಲಿಪಿಯಲ್ಲೂ ಅಚ್ಚು ಹಾಕುವ ಈ ವಾರ್ಷಿಕಕ್ಕೆ ಕಳಿಸಿ. ನನ್ನ ಪಟ್ಟಿಯಲ್ಲಿ ಈವರೆಗೆ ಹನ್ನೊಂದು ಹೆಸರುಗಳಿವೆ. ಏಳನ್ನು ಹೇಳಿದ್ದು ಇಚ್ಚ, ಮೊಮ್ಮಗ ಬರೆದುಕೊಂಡ.