ಕರಿ (ಪದರೂಪ)

ಕರಿ – ಕನ್ನಡದಲ್ಲಿ ಕಪ್ಪು, ಆನೆ, ಎಣ್ಣೆಯಲ್ಲಿ ಬೇಯಿಸು ಎಂಬ ಅರ್ಥಗಳಿರುವ ಪದರೂಪ. ಇದೇ ಧ್ವನಿಯ ಅಥವಾ ಇದಕ್ಕೆ ಹತ್ತಿರದ ಪದಗಳು ತಮಿಳು, ಇಂಗ್ಲಿಷ್, ಜಪಾನಿ, ಫಿನ್ನಿಶ್ ಭಾಷೆಗಳಲ್ಲೂ ಇವೆ. ಇವುಗಳಲ್ಲಿ ಕೆಲವು ಎರವಲು, ಕೆಲವು ಬರೀ ಆಕಸ್ಮಿಕ ಹೋಲಿಕೆ.

ಕನ್ನಡದ ಬಳಕೆಗಳು

ಕಪ್ಪು ಎಂಬರ್ಥದ ಕರಿ ದ್ರಾವಿಡ ಮೂಲದ್ದು. ಕರ್ಗು, ಕಾರ್ಮೋಡ, ಕರಿಮೆಣಸುಗಳಲ್ಲಿ ಕಾಣುವುದು ಇದೇ. ಆನೆಯ ಹೆಸರಾದ ಕರಿ ಸಂಸ್ಕೃತದ್ದು. ‘ಕರ’ ಎಂದರೆ ಕೈ, ಸೊಂಡಿಲು, ಅದುಳ್ಳದ್ದು ಕರಿ. ‘ಹಸ್ತ’ದಿಂದ ‘ಹಸ್ತಿ’ ಆದದ್ದೂ ಹೀಗೆಯೇ. ಆನೆ ಕಪ್ಪಗಿರುವುದರಿಂದ ಈ ಹೆಸರು ಬಂತೆಂಬ ವಿವರಣೆಗೆ ಆಧಾರವಿಲ್ಲ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಯಂದು ಎತ್ತುಗಳನ್ನು ಓಡಿಸಿ ತೋರಣ ಹರಿಸುವ ಆಚರಣೆಗೆ ‘ಕರಿ ಹರಿಯುವುದು’ ಎನ್ನುತ್ತಾರೆ.

ರ ಮತ್ತು ಱ

ಗೊಂದಲದ ಮುಖ್ಯ ಮೂಲ ಲಿಪಿಯಲ್ಲಿದೆ. ಹಳಗನ್ನಡದಲ್ಲಿ ಬೇರೆಯಾಗಿದ್ದ ಱ ಧ್ವನಿ ನಡುಗನ್ನಡದ ಕಾಲದಲ್ಲಿ ರಕಾರದೊಂದಿಗೆ ಬೆರೆತುಹೋಯಿತು. ತಮಿಳು, ಮಲಯಾಳಗಳು ಬರವಣಿಗೆಯಲ್ಲಿ ಈ ಭೇದವನ್ನು ಇಂದಿಗೂ ಕಾಯ್ದುಕೊಂಡಿವೆ: ಅಲ್ಲಿ ‘ಕರಿ’ ಎಂದರೆ ಇದ್ದಿಲು, ‘ಕಱಿ’ ಎಂದರೆ ಅನ್ನದ ಜೊತೆಗಿನ ಮೇಲೋಗರ. ತಮಿಳಿನಲ್ಲಿ ಕಱಿಗೆ ಮಾಂಸ ಎಂಬ ಅರ್ಥವೂ ಉಂಟು. ಸಂಗಂ ಸಾಹಿತ್ಯದಲ್ಲಿ ಅದು ಮೆಣಸು. ಅಗನಾನೂರು ಸಂಕಲನದ 149ನೇ ಪದ್ಯದಲ್ಲಿ ಚೇರರ ಬಂದರು ಮುಚಿರಿಗೆ ಚಿನ್ನ ತಂದ ಯವನರ ಹಡಗುಗಳು ಒಯ್ಯುವುದು ಈ ಕಱಿಯನ್ನೇ. ಕನ್ನಡದ ‘ಕರಿಮೆಣಸಿ’ನ ಕರಿಗೂ ಇದಕ್ಕೂ ಸಂಬಂಧವಿಲ್ಲ, ಅದು ಬಿಳಿಮೆಣಸಿಗೆ ಎದುರಾದ ಬಣ್ಣದ ಮಾತು.

ಕರಿಬೇವಿನ ಪ್ರಶ್ನೆ ಇಷ್ಟು ಸರಳವಲ್ಲ. ತಮಿಳಿನಲ್ಲಿ ‘ಕಱಿವೇಪ್ಪಿಲೈ’ (ಮೇಲೋಗರದ ಬೇವಿನೆಲೆ), ‘ಕರುವೇಪ್ಪಿಲೈ’ (ಕಪ್ಪು ಬೇವಿನೆಲೆ) ಎಂಬ ಎರಡು ರೂಪಗಳೂ ನಡೆಯುತ್ತವೆ. ಕನ್ನಡದ ಈಗಿನ ಬರಹ ಎರಡಕ್ಕೂ ಹೊಂದುವುದರಿಂದ ಕಾಗುಣಿತವೊಂದರಿಂದಲೇ ತೀರ್ಮಾನ ಸಾಧ್ಯವಿಲ್ಲ.

ಖಾದ್ಯದ ಹೆಸರು

ಇಂಗ್ಲಿಷಿನ ‘ಕರಿ’ ತಮಿಳು–ಮಲಯಾಳದ ಕಱಿಯಿಂದ ಬಂದಿದೆ ಎಂಬುದು ನಿಘಂಟುಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ವಿವಾದವಿರುವುದು ನಡುವಣ ಹಾದಿಯ ಬಗ್ಗೆ. ಗೋವೆಯಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟೆನ್‌ನ ಗ್ರಂಥದ 1598ರ ಇಂಗ್ಲಿಷ್ ಅನುವಾದದಲ್ಲಿ, ಅನ್ನದ ಮೇಲೆ ಸುರಿಯುವ ಹುಳಿಯಾದ ಮೀನಿನ ಸಾರಿಗೆ ‘ಕ್ಯಾರಿಯಲ್’ ಎಂಬ ಹೆಸರಿದೆ. ಇದು ಪೋರ್ಚುಗೀಸರ ‘ಕರಿಲ್’. ಕೊನೆಯ ಲಕಾರ ಎಲ್ಲಿಂದ ಬಂತು? ಯೂಲ್ ಮತ್ತು ಬರ್ನೆಲ್ 1886ರ ‘ಹಾಬ್ಸನ್–ಜಾಬ್ಸನ್’ ಕೋಶದಲ್ಲಿ ಅದನ್ನು ಕನ್ನಡದ ರೂಪವೆಂದರು. ಆದರೆ ಪಲ್ಯ, ಹುಳಿ, ಸಾರು, ಗಸಿ ಎನ್ನುವ ಕನ್ನಡದ ಅಡುಗೆಮನೆಗಳಲ್ಲಿ ಇಂದು ‘ಕರಿಲ್’ ರೂಢಿಯಲ್ಲಿಲ್ಲ. ಪೋರ್ಚುಗೀಸ್ ವ್ಯಾಕರಣದಿಂದಲೂ ಲಕಾರವನ್ನು ವಿವರಿಸಬಹುದು: ‘ಬರಿಲ್’ (ಪೀಪಾಯಿ) ಬಹುವಚನದಲ್ಲಿ ‘ಬರಿಸ್’ ಆಗುವುದರಿಂದ, ‘ಕರಿಸ್’ ಎಂಬ ಬಹುವಚನಕ್ಕೆ ‘ಕರಿಲ್’ ಎಂಬ ಏಕವಚನ ಹುಟ್ಟಿರಬಹುದು.

ಉತ್ತರ ಭಾರತದ ಮಜ್ಜಿಗೆ–ಕಡಲೆಹಿಟ್ಟಿನ ‘ಕಢೀ’ಯೇ ಮೂಲ ಎಂಬ ವಾದವೂ ಇದೆ. ಕಢೀ ಪದ ‘ಕುದಿಸು’ ಎಂಬರ್ಥದ ಸಂಸ್ಕೃತ ‘ಕ್ವಥ್’ ಧಾತುವಿನ ಕಡೆಗೆ ಹೋಗುತ್ತದೆ. ಮೂರನೆಯ ವಾದದ ಪ್ರಕಾರ ಪದ ಇಂಗ್ಲೆಂಡಿನದೇ. ಸುಮಾರು 1390ರಲ್ಲಿ ಎರಡನೇ ರಿಚರ್ಡ್‌ನ ಬಾಣಸಿಗರು ಬರೆದ ಪಾಕಗ್ರಂಥವನ್ನು ಸ್ಯಾಮ್ಯುಯೆಲ್ ಪೆಗ್ 1780ರಲ್ಲಿ ‘ದ ಫಾರ್ಮ್ ಆಫ್ ಕ್ಯೂರಿ’ ಎಂದು ಅಚ್ಚು ಹಾಕಿಸಿದ. ಅಲ್ಲಿನ ‘ಕ್ಯೂರಿ’ ಫ್ರೆಂಚ್ ಮೂಲದ್ದು. ಅರ್ಥ ಅಡುಗೆ ಕಲೆ, ಯಾವುದೋ ಒಂದು ಖಾದ್ಯವಲ್ಲ. ಇಂಗ್ಲಿಷ್ ಪಾಕಲೇಖಕಿ ಹ್ಯಾನಾ ಗ್ಲಾಸ್ 1747ರಲ್ಲಿ ಪ್ರಕಟಿಸಿದ ಕರಿಯ ಪಾಕವಿಧಾನದ ಶೀರ್ಷಿಕೆಯೇ ಅದನ್ನು ಇಂಡಿಯಾದ ಬಗೆ ಎಂದು ಕರೆಯುತ್ತದೆ.

ಸಂಬಂಧವಿಲ್ಲದ ಪದಗಳು

ಚರ್ಮ ಹದಮಾಡು, ಕುದುರೆಯ ಮೈ ಉಜ್ಜು ಎಂಬರ್ಥದ ಇಂಗ್ಲಿಷ್ ಕ್ರಿಯಾಪದ ‘ಕರಿ’ ಹಳೆಯ ಫ್ರೆಂಚಿನದು. ಓಲೈಸಿ ಕೃಪೆ ಗಳಿಸುವುದಕ್ಕೆ ಇಂಗ್ಲಿಷರು ಹೇಳುವ ‘ಕರಿ ಫೇವರ್’ ಇದರಿಂದಲೇ ಬಂದಿದೆ. 14ನೇ ಶತಮಾನದ ಫ್ರೆಂಚ್ ಕಾವ್ಯದ ಫೋವೆಲ್ ಎಂಬ ಕುದುರೆಯ ಹೆಸರು ಕಾಲಾಂತರದಲ್ಲಿ ‘ಫೇವರ್’ ಆಯಿತು. ಜಪಾನಿಯ ‘ಕರಿ’ ಬೇಟೆ ಅಥವಾ ಸಾಲ. ಖಾದ್ಯಕ್ಕೆ ಅಲ್ಲಿ ‘ಕರೇ’ ಎನ್ನುತ್ತಾರೆ, ಅದು ಮೇಜಿ ಕಾಲದಲ್ಲಿ ಇಂಗ್ಲಿಷಿನಿಂದ ಬಂತು. ಫಿನ್ನಿಶ್‌ನಲ್ಲಿ ಕರಿ ಎಂದರೆ ನೀರಿನಲ್ಲಿರುವ ಬಂಡೆ.

ಹೋಟೆಲ್ ಪಟ್ಟಿಗಳ ‘ಚಿಕನ್ ಕರಿ’, ‘ವೆಜ್ ಕರಿ’ ಕನ್ನಡಕ್ಕೆ ಇಂಗ್ಲಿಷಿನಿಂದ ಬಂದ ಬಳಕೆ. ಮೂಲದ ಱ ಈ ಸುತ್ತಿನಲ್ಲಿ ಕಳೆದಿರುವುದರಿಂದ ಅದು ಕಪ್ಪು, ಆನೆಗಳ ಕಾಗುಣಿತದಲ್ಲೇ ಅಚ್ಚಾಗುತ್ತದೆ.